ಹಲಗೆಯ ಮೇಲೆ ಯಾರಿಲ್ಲ? ‘ಓ.ಜೆ.: ಮೇಡ್ ಇನ್ ಅಮೆರಿಕ’ ಆಧರಿಸಿದ ಮೂರು ಅವಧಿಗಳ ಪಾಠ

ಅಭ್ಯಾಸ ಬೋಧನೆಯಲ್ಲಿ ‘ನ್ಯಾಯಾಂಗ ವ್ಯವಸ್ಥೆ’ ಘಟಕ ಬಂದಾಗ ಹೆಚ್ಚಿನ ಪಾಠ ಯೋಜನೆಗಳು ನ್ಯಾಯಾಲಯಗಳ ಶ್ರೇಣಿಯನ್ನು ತೋರಿಸುವ ಚಾರ್ಟ್‌ನಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ‘ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕು’ ಎಂಬ ವಾಕ್ಯವನ್ನು ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಆದರೆ ಆ ನಿಯಮದಿಂದ ಯಾರಿಗೆ ರಕ್ಷಣೆ ಸಿಗುತ್ತದೆ, ಯಾರಿಗೆ ನೋವಾಗುತ್ತದೆ ಎಂಬ ಚರ್ಚೆ ತರಗತಿಯಲ್ಲಿ ನಡೆಯುವುದಿಲ್ಲ. ಈ ಚರ್ಚೆಯನ್ನು ನಡೆಸಲು ಪ್ರಶಿಕ್ಷಣಾರ್ಥಿಗಳನ್ನು ಸಿದ್ಧಗೊಳಿಸುವ ಉದ್ದೇಶದಿಂದ ನಾನು ಒಂದು ಸಾಕ್ಷ್ಯಚಿತ್ರವನ್ನು ಆರಿಸಿಕೊಂಡೆ. ಪ್ರಶಿಕ್ಷಣಾರ್ಥಿಗಳೇ ಕಲಿಯುವವರಾಗಿ ಕುಳಿತ ಮೂರು ಅವಧಿಗಳ ವಿವರ ಇಲ್ಲಿದೆ.

ಸಂಪನ್ಮೂಲದ ಪರಿಚಯ

ಎಜ್ರಾ ಎಡಲ್‌ಮನ್ ನಿರ್ದೇಶಿಸಿದ ‘ಓ.ಜೆ.: ಮೇಡ್ ಇನ್ ಅಮೆರಿಕ’ 2016ರಲ್ಲಿ ತೆರೆಕಂಡಿತು. ಐದು ಭಾಗಗಳ ಈ ಚಿತ್ರದ ಅವಧಿ ಏಳೂವರೆ ಗಂಟೆಗೂ ಹೆಚ್ಚು. 2017ರಲ್ಲಿ ಅದಕ್ಕೆ ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್ ಪ್ರಶಸ್ತಿ ಬಂದಿತು. ಅಮೆರಿಕನ್ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಅವರ ಏಳುಬೀಳು ಇದರ ವಸ್ತು. ಇಷ್ಟು ದೀರ್ಘ ಚಿತ್ರವನ್ನು ತರಗತಿಯಲ್ಲಿ ಪೂರ್ತಿ ತೋರಿಸಲಾಗದು. ಪ್ರತಿ ಅವಧಿಗೆ ಹತ್ತು ನಿಮಿಷ ಮೀರದ ತುಣುಕನ್ನು ಆರಿಸಿ, ಉಳಿದ ಸಮಯವನ್ನು ಚರ್ಚೆಗೆ ಇಟ್ಟೆ.

ಮೊದಲ ಅವಧಿ: ಎರಡು ಕಾಲಂಗಳು

ಕಪ್ಪುಹಲಗೆಯ ಎಡಗಡೆ ‘ಸಿಂಪ್ಸನ್’, ಬಲಗಡೆ ‘ಲಾಸ್ ಏಂಜಲೀಸಿನ ಕಪ್ಪು ಜನಾಂಗದವರು’ ಎಂದು ಬರೆದೆ. ತುಣುಕು ನೋಡುತ್ತಾ ಪ್ರಶಿಕ್ಷಣಾರ್ಥಿಗಳು ಎರಡೂ ಕಡೆ ಇಸವಿಗಳನ್ನು ತುಂಬಬೇಕಿತ್ತು. ತುಣುಕಿನಲ್ಲಿ ಇಲ್ಲದ ವಿವರಗಳನ್ನು ನಾನು ಒದಗಿಸಿದೆ.

ಎಡಗಡೆ: 1968, ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ. 1973, ಒಂದೇ ಋತುವಿನಲ್ಲಿ 2003 ಗಜಗಳ ಓಟ. 2000 ಗಜ ದಾಟಿದವರಲ್ಲಿ ಅವರೇ ಮೊದಲಿಗರು. ನಂತರ ಕಾರು ಬಾಡಿಗೆ ಕಂಪನಿಯ ಜಾಹೀರಾತು, ಸಿನಿಮಾ, ಬಿಳಿಯ ಶ್ರೀಮಂತರ ಬ್ರೆಂಟ್‌ವುಡ್ ಬಡಾವಣೆಯಲ್ಲಿ ಮನೆ.

ಬಲಗಡೆ: 1965, ವಾಟ್ಸ್ ದಂಗೆ, 34 ಸಾವು. 1979, ಗ್ಯಾಸ್ ಬಿಲ್ಲಿನ ಜಗಳದ ಬೆನ್ನಿಗೇ ಪೊಲೀಸರ ಗುಂಡಿಗೆ ಬಲಿಯಾದ ಯೂಲಾ ಲವ್. 1991ರ ಮಾರ್ಚ್, ರಾಡ್ನಿ ಕಿಂಗ್ ಮೇಲೆ ಪೊಲೀಸರ ಹಲ್ಲೆ. ಅದೇ ತಿಂಗಳು, ಹಣ್ಣಿನ ರಸದ ಬಾಟಲಿಯ ವಿಷಯಕ್ಕೆ ಅಂಗಡಿಯಾಕೆಯ ಗುಂಡಿಗೆ ಬಲಿಯಾದ 15 ವರ್ಷದ ಲತಾಶಾ ಹಾರ್ಲಿನ್ಸ್. ಅಂಗಡಿಯಾಕೆಗೆ ಜೈಲುವಾಸ ಆಗಲಿಲ್ಲ. 1992ರ ಏಪ್ರಿಲ್, ಕಿಂಗ್ ಪ್ರಕರಣದ ನಾಲ್ವರು ಪೊಲೀಸರಲ್ಲಿ ಯಾರನ್ನೂ ತಪ್ಪಿತಸ್ಥರೆಂದು ಹೇಳದ ತೀರ್ಪು. ಆ ಜ್ಯೂರಿಯಲ್ಲಿ ಕಪ್ಪು ಜನಾಂಗದ ಒಬ್ಬರೂ ಇರಲಿಲ್ಲ. ಅದರ ಬೆನ್ನಿಗೆ ನಡೆದ ಗಲಭೆಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು.

‘ಈ ಎರಡು ಕಾಲಂಗಳು ಎಲ್ಲಿ ಸೇರುತ್ತವೆ?’ ಎಂದು ಕೇಳಿದೆ. ಬಹಳ ಹೊತ್ತು ಉತ್ತರ ಬರಲಿಲ್ಲ. ‘ಸೇರುವುದೇ ಇಲ್ಲ ಸರ್, ಅವರು ಆ ಕಡೆ ತಿರುಗಿಯೂ ನೋಡಿಲ್ಲ’ ಎಂದು ಒಬ್ಬರು ಹೇಳಿದರು. 1968ರ ಒಲಿಂಪಿಕ್ಸ್‌ನಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಮುಷ್ಟಿ ಎತ್ತಿ ಪ್ರತಿಭಟಿಸಿದರು. ಅದೇ ಕಾಲದಲ್ಲಿ ಸಿಂಪ್ಸನ್ ಅಂಥ ಹೋರಾಟದಿಂದ ದೂರ ಉಳಿದಿದ್ದರು. ತಮ್ಮನ್ನು ಜನಾಂಗದ ಹೆಸರಿನಿಂದ ಗುರುತಿಸದೆ ‘ಓ.ಜೆ.’ ಎಂದಷ್ಟೇ ನೋಡಬೇಕೆಂಬುದು ಅವರ ಬಯಕೆಯಾಗಿತ್ತು. ಕಾಲಂಗಳು ಸೇರುವುದು ಮೂರನೇ ಅವಧಿಯಲ್ಲಿ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದೆ.

ಎರಡನೇ ಅವಧಿ: ಮೂರನೇ ಕಾಲಂ

ಹಲಗೆಯನ್ನು ಅಳಿಸಿರಲಿಲ್ಲ. ‘ಈ ಹಲಗೆಯ ಮೇಲೆ ಯಾರಿಲ್ಲ?’ ಎಂಬ ಒಂದೇ ಪ್ರಶ್ನೆಯಿಂದ ಪಾಠ ಆರಂಭವಾಯಿತು. ಎರಡು ನಿಮಿಷದೊಳಗೆ ಹಿಂದಿನ ಸಾಲಿನಿಂದ ‘ಹೆಂಡತಿ’ ಎಂಬ ಉತ್ತರ ಬಂತು. ‘ಹೆಸರು ಹೇಳಿ’ ಎಂದೆ. ನಿಕೋಲ್ ಬ್ರೌನ್.

1985ರಲ್ಲಿ ಮದುವೆ, 1992ರಲ್ಲಿ ವಿಚ್ಛೇದನ. 1989ರ ಹೊಸ ವರ್ಷದ ದಿನ ಪೊಲೀಸರು ಬಂದಾಗ ನಿಕೋಲ್ ಮೈಮೇಲೆ ಹೊಡೆತದ ಗುರುತುಗಳಿದ್ದವು. ಸಿಂಪ್ಸನ್ ಆ ಆರೋಪವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಿಲ್ಲ. ಆದರೂ ಜೈಲಿಗೆ ಹೋಗಲಿಲ್ಲ. 1993ರಲ್ಲಿ ನಿಕೋಲ್ ನೆರವು ಕೋರಿ ಮಾಡಿದ ತುರ್ತು ಕರೆಯ ಧ್ವನಿಮುದ್ರಣ ಇಂದಿಗೂ ಉಳಿದಿದೆ. 1994ರ ಜೂನ್ 12ರ ರಾತ್ರಿ ನಿಕೋಲ್ ಮತ್ತು ಅವರ ಪರಿಚಿತ, 25 ವರ್ಷದ ರೊನಾಲ್ಡ್ ಗೋಲ್ಡ್‌ಮನ್ ಕೊಲೆಯಾದರು.

ಈಗ ಹಲಗೆಯ ಮೇಲೆ ಮೂರು ಕಾಲಂಗಳಿದ್ದವು. ಕಪ್ಪು ಜನಾಂಗದವರ ಬೀದಿಗಳಲ್ಲಿ ಲಾಠಿ ಎತ್ತಿದ್ದ ಪೊಲೀಸ್ ಇಲಾಖೆಯೇ ಬ್ರೆಂಟ್‌ವುಡ್‌ನ ತಾರೆಯ ಮನೆ ಬಾಗಿಲಲ್ಲಿ ಮೆತ್ತಗಾಗಿತ್ತು. ಇದನ್ನು ನಾನು ಹೇಳಲಿಲ್ಲ. ಎರಡನೇ ಮತ್ತು ಮೂರನೇ ಕಾಲಂಗಳನ್ನು ಅಕ್ಕಪಕ್ಕ ಓದಿದ ಪ್ರಶಿಕ್ಷಣಾರ್ಥಿಯೊಬ್ಬರು ಹೇಳಿದರು. ಇಡೀ ಪಾಠದ ತಿರುಳು ಇದೇ. ವರ್ಣಭೇದದ ಅನ್ಯಾಯ, ಹೆಣ್ಣಿನ ಮೇಲಿನ ಹಿಂಸೆ ಎರಡೂ ನಿಜ. ಒಂದನ್ನು ದೊಡ್ಡದು ಮಾಡಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಮೂರನೇ ಅವಧಿ: ತೀರ್ಪು

ತರಗತಿಯನ್ನು ಎರಡು ಗುಂಪು ಮಾಡಿ ‘ಕೊಲೆ ಮಾಡಿದರೇ, ಇಲ್ಲವೇ?’ ಎಂದು ಕೈ ಎತ್ತಿಸುವುದು ಸುಲಭ. ಅದನ್ನು ಮಾಡಬಾರದು ಎಂಬುದು ನನ್ನ ಸೂಚನೆ. ಅದರಿಂದ ಕಲಿಕೆ ಆಗುವುದಿಲ್ಲ, ಪಕ್ಷ ಕಟ್ಟುವುದಷ್ಟೇ ಆಗುತ್ತದೆ. ಬದಲಿಗೆ ‘ಜ್ಯೂರಿಯ ಮುಂದೆ ಏನಿತ್ತು?’ ಎಂದು ಕೇಳಿದೆ.

ರಕ್ತದ ಕಲೆಗಳ ಡಿ.ಎನ್.ಎ. ಪರೀಕ್ಷೆಯ ಫಲಿತಾಂಶ ಇತ್ತು. ನ್ಯಾಯಾಲಯದಲ್ಲಿ ತೊಡಿಸಿ ನೋಡಿದಾಗ ಬಿಗಿಯಾದ ಕೈಗವಸು ಇತ್ತು. ಜನಾಂಗ ನಿಂದನೆಯ ಪದವನ್ನು ಹತ್ತು ವರ್ಷಗಳಿಂದ ಬಳಸಿಲ್ಲ ಎಂದು ಪ್ರಮಾಣ ಮಾಡಿ ಹೇಳಿದ ಪತ್ತೇದಾರ ಮಾರ್ಕ್ ಫ್ಯೂರ್ಮನ್ ಇದ್ದರು. ಆ ಮಾತು ಸುಳ್ಳೆಂದು ತೋರಿಸಿದ ಧ್ವನಿಮುದ್ರಣಗಳೂ ಇದ್ದವು. ಸುಮಾರು ಒಂಬತ್ತು ತಿಂಗಳ ವಿಚಾರಣೆಯ ನಂತರ ಜ್ಯೂರಿ ನಾಲ್ಕು ಗಂಟೆಯೊಳಗೆ ನಿರ್ಧಾರಕ್ಕೆ ಬಂತು. 1995ರ ಅಕ್ಟೋಬರ್ 3ರಂದು ಸಿಂಪ್ಸನ್ ಬಿಡುಗಡೆಯಾದರು. ಎಡಗಡೆಯ ಕಾಲಂ ಬಲಗಡೆಯದನ್ನು ಸೇರಿದ್ದು ಇಲ್ಲಿ: ಬಲಗಡೆಯ ಇತಿಹಾಸದಿಂದ ದೂರವಿದ್ದ ವ್ಯಕ್ತಿಗೆ ಆ ಇತಿಹಾಸವೇ ರಕ್ಷಣೆಯಾಯಿತು.

ಚಿತ್ರದಲ್ಲಿ ಒಬ್ಬ ಜ್ಯೂರಿ ಸದಸ್ಯೆ ಈ ತೀರ್ಪನ್ನು ರಾಡ್ನಿ ಕಿಂಗ್ ಪ್ರಕರಣಕ್ಕೆ ಪ್ರತೀಕಾರ ಎನ್ನುತ್ತಾರೆ. ಇನ್ನೊಬ್ಬರು ಸರ್ಕಾರಿ ಪಕ್ಷ ಆರೋಪವನ್ನು ಸಾಬೀತು ಮಾಡಲಿಲ್ಲ ಎನ್ನುತ್ತಾರೆ. ಎರಡನ್ನೂ ಹಲಗೆಯ ಮೇಲೆ ಬರೆದೆ. ನಮ್ಮಲ್ಲಿ ರೂಢಿಯಲ್ಲಿರುವ ‘ಸಂಶಯದ ಲಾಭ’ ಎಂಬ ಮಾತು ಎರಡನೆಯದಕ್ಕೆ ಹೊಂದುತ್ತದೆ, ಮೊದಲನೆಯದಕ್ಕೆ ಹೊಂದುವುದಿಲ್ಲ. ಈ ವ್ಯತ್ಯಾಸ ಹಿಡಿದವರು ‘ಸಂಶಯಾತೀತ’ ಎಂಬ ಪದವನ್ನು ಮರೆಯುವುದಿಲ್ಲ. 1997ರಲ್ಲಿ ಸಿವಿಲ್ ದಾವೆಯ ಜ್ಯೂರಿ ಆ ಸಾವುಗಳಿಗೆ ಅವರನ್ನೇ ಹೊಣೆ ಮಾಡಿ 3.35 ಕೋಟಿ ಡಾಲರ್ ಪರಿಹಾರ ವಿಧಿಸಿತು. ಸಿವಿಲ್ ದಾವೆಯಲ್ಲಿ ಯಾವ ಕಡೆಯ ಸಾಕ್ಷ್ಯ ಹೆಚ್ಚು ತೂಗುತ್ತದೆ ಎಂಬುದಷ್ಟೇ ಮುಖ್ಯ. ಕ್ರಿಮಿನಲ್ ಮೊಕದ್ದಮೆಯ ಮಟ್ಟದ ರುಜುವಾತು ಅಲ್ಲಿ ಬೇಕಿಲ್ಲ ಎಂಬುದನ್ನು ಇಲ್ಲಿಯೇ ಬೋಧಿಸಬಹುದು. ಭಾರತದಲ್ಲಿ ಈಗ ಜ್ಯೂರಿ ಪದ್ಧತಿ ಇಲ್ಲ ಎಂಬುದನ್ನು 1959ರ ನಾನಾವತಿ ಪ್ರಕರಣದ ಉದಾಹರಣೆಯೊಂದಿಗೆ ಹೇಳಬಹುದು. ಅಲ್ಲಿಯೂ ಜ್ಯೂರಿ ‘ತಪ್ಪಿತಸ್ಥರಲ್ಲ’ ಎಂದಿತ್ತು. ಬಾಂಬೆ ಹೈಕೋರ್ಟ್ ಅದನ್ನು ತಳ್ಳಿಹಾಕಿತು.

ಚಿತ್ರವನ್ನೂ ಪರೀಕ್ಷಿಸಬೇಕು

‘ಸಾಕ್ಷ್ಯಚಿತ್ರ’ ಎಂಬ ಪದದಲ್ಲಿಯೇ ‘ಸಾಕ್ಷ್ಯ’ ಇದೆ. ಜ್ಯೂರಿ ಸಿಂಪ್ಸನ್ ಮನೆ ನೋಡಲು ಬರುವ ಮೊದಲು, ಅವರ ವಕೀಲರ ತಂಡ ಗೋಡೆಯ ಮೇಲಿದ್ದ ಬಿಳಿಯ ಸ್ನೇಹಿತರ ಫೋಟೊಗಳನ್ನು ತೆಗೆದು ಕಪ್ಪು ಜನಾಂಗದವರ ಚಿತ್ರಗಳನ್ನು ಹಾಕಿಸಿತ್ತು ಎಂಬ ಸಂಗತಿ ಚಿತ್ರದಲ್ಲಿ ಬರುತ್ತದೆ. ನಿರ್ದೇಶಕರೂ ತಮ್ಮ ಸಾಕ್ಷ್ಯಗಳನ್ನು ಜೋಡಿಸಿದ್ದಾರೆ. ಕೊಲೆಗೆ ಬರುವ ಮೊದಲು ಇಷ್ಟು ದೀರ್ಘ ಇತಿಹಾಸ ಏಕೆ, ಯಾರ ಮಾತಿಗೆ ಎಷ್ಟು ಸಮಯ ಎಂದು ಪ್ರಶಿಕ್ಷಣಾರ್ಥಿಗಳು ಕೇಳಲೇಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ನಾಲ್ಕನೇ ಭಾಗದಲ್ಲಿ ಕೊಲೆ ನಡೆದ ಸ್ಥಳದ ಭೀಕರ ಛಾಯಾಚಿತ್ರಗಳಿವೆ. ಪ್ರೌಢಶಾಲೆಯಲ್ಲಿ ಆ ಭಾಗವನ್ನು ತೋರಿಸಬಾರದು.
2. ಕನ್ನಡ ಮಾಧ್ಯಮದ ತರಗತಿಯಲ್ಲಿ ಚಿತ್ರವಿಲ್ಲದೆಯೇ, ಮೂರು ಕಾಲಂಗಳ ಹಲಗೆಯಿಂದ ಪಾಠ ಮಾಡಬಹುದು.
3. ಮೂರನೇ ಕಾಲಂ ಅನ್ನು ಶಿಕ್ಷಕರು ಮೊದಲೇ ಬರೆಯಬಾರದು. ಮಕ್ಕಳು ಕೇಳುವವರೆಗೆ ಕಾಯಬೇಕು.
4. ಮನೆಯಲ್ಲಿ ಹಿಂಸೆ ಕಂಡ ಮಕ್ಕಳು ತರಗತಿಯಲ್ಲಿ ಇರಬಹುದು. ಸ್ವಂತ ಅನುಭವ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು. ಹೇಳಬಯಸುವವರಿಗೆ ಪಾಠದ ನಂತರ ಸಮಯ ಕೊಡಬೇಕು.

ಮೌಲ್ಯಮಾಪನ

ಲಿಖಿತ ಪ್ರಶ್ನೆ ಒಂದೇ: ‘ಪೊಲೀಸರು ನಂಬಿಕೆ ಕಳೆದುಕೊಂಡ ಊರಿನಲ್ಲಿ ಸಂತ್ರಸ್ತರಿಗೆ ಏನಾಗುತ್ತದೆ? ಮೂರೂ ಕಾಲಂಗಳಿಂದ ತಲಾ ಒಂದು ಸಂಗತಿ ಬಳಸಿ ಉತ್ತರಿಸಿ.’ ಮೂರರಲ್ಲಿ ಒಂದನ್ನು ಬಿಟ್ಟ ಉತ್ತರ, ಭಾಷೆ ಎಷ್ಟೇ ಚೆನ್ನಾಗಿದ್ದರೂ, ಅಪೂರ್ಣ ಎಂದು ಪರಿಗಣಿಸಿ ಮರಳಿ ಬರೆಸುವುದು ನಾನು ಅನುಸರಿಸುವ ಕ್ರಮ.