ಕ್ಯಾಮೆರಾ, ಮಸೂರ, ಪರಿಕರ: ಹವ್ಯಾಸಿಗಳಿಗೊಂದು ಪಾಠ

ವಾರ್ಷಿಕ ಸಂಚಿಕೆಯ ಕಾರ್ಯ ಆರಂಭವಾಗುವ ಹೊತ್ತಿಗೆ ನನ್ನಲ್ಲಿಗೆ ಬರುವ ಪ್ರಶ್ನೆಗಳಲ್ಲಿ ಛಂದಸ್ಸು, ವ್ಯಾಕರಣಗಳಿಗಿಂತ ಕ್ಯಾಮೆರಾವನ್ನು ಕುರಿತವೇ ಈಚೆಗೆ ಹೆಚ್ಚಾಗಿವೆ. ಕನ್ನಡ ಪಂಡಿತನಾದವನಿಗೆ ಇದು ಹೆಮ್ಮೆಯ ಸಂಗತಿಯೋ ನಾಚಿಕೆಯ ಸಂಗತಿಯೋ ನಾನರಿಯೆ. ಮೂವತ್ತು ವರ್ಷಗಳಿಂದ ಹೆಗಲಿಗೆ ಆ ಯಂತ್ರವನ್ನು ನೇತುಹಾಕಿಕೊಂಡು ತಿರುಗುತ್ತಿರುವುದರ ಫಲವಿದು. ಈ ಸಲ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ದೂರದ ಊರಿನಿಂದ ಪತ್ರ ಬರೆದು, "ಶಾಲೆಗೆ ಒಂದು ಒಳ್ಳೆಯ ಕ್ಯಾಮೆರಾವನ್ನು ಕೊಡಿಸಬೇಕೆಂದಿದ್ದೇನೆ, ಯಾವುದು ಉತ್ತಮವೋ ಅದರ ಹೆಸರನ್ನು ತಿಳಿಸಿ" ಎಂದು ಕೇಳಿದರು. ಒಂದು ಹೆಸರನ್ನು ಬರೆದು ಕಳುಹಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಬರೆಯಲು ಕುಳಿತಾಗ ಕೈ ಓಡಲಿಲ್ಲ. ಆ ಉತ್ತರವೇ ಬೆಳೆದು ಪ್ರಕೃತ ಲೇಖನವಾಗಿದೆ.

ಯಾವುದು ಉತ್ತಮ ಎಂದು ಕೇಳುವವರನ್ನು ನಾನು ಮೊದಲು ಕೇಳುವುದು, ಯಾವುದಕ್ಕೆ ಉತ್ತಮ ಎಂದು. ಹೀಗೆ ಕೇಳುವುದನ್ನು ನಾನು ಕಲಿತದ್ದು ಒಂದು ನಷ್ಟದಿಂದ.

ಹನಗೋಡಿನಿಂದ ಹೆಚ್ಚು ದೂರವಲ್ಲದ ಒಂದು ಹಳ್ಳಿಯ ಕೆರೆಯೇರಿಯ ಮೇಲೆ ಒಂದು ವೀರಗಲ್ಲಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಪಟ್ಟಿಕೆಗಳ ನಡುವಣ ಏಣಿನ ಮೇಲೆ ಮೂರು ಸಾಲು ಅಕ್ಷರಗಳು ಸವೆದು ಮಲಗಿದ್ದವು. ಆಗಷ್ಟೇ ನಾನು ನನ್ನ ಶಕ್ತಿಗೆ ಮೀರಿದ ಬೆಲೆಯ ಹೊಸ ಕ್ಯಾಮೆರಾವೊಂದನ್ನು ಕೊಂಡಿದ್ದೆ. ಹಣವೆಲ್ಲ ಅದಕ್ಕೇ ಮುಗಿದು, ಅದರೊಡನೆ ಬಂದ ಅಗ್ಗದ ಮಸೂರವೊಂದೇ ನನ್ನಲ್ಲಿತ್ತು. ಮುಕ್ಕಾಲಿ ಇರಲಿಲ್ಲ. ಬೇಸಗೆಯ ನಡುಹಗಲಿನಲ್ಲಿ ಆ ಕಲ್ಲಿನ ಮುಂದೆ ನಿಂತು ಇಪ್ಪತ್ತು ಚಿತ್ರಗಳನ್ನು ತೆಗೆದು ಸಂತೋಷದಿಂದ ಮನೆಗೆ ಬಂದೆ. ದೊಡ್ಡದು ಮಾಡಿ ನೋಡಿದರೆ ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಅಕ್ಷರ ಒಂದೂ ಕಾಣಿಸಲಿಲ್ಲ. ಮಳೆಗಾಲ ಕಳೆಯಲಿ, ಮತ್ತೆ ಹೋದರಾಯಿತೆಂದುಕೊಂಡೆ. ಹೋದಾಗ ಏರಿಯನ್ನು ಅಗಲಮಾಡಿ ಮಣ್ಣು ತುಂಬಿದ್ದರು. ಕಲ್ಲು ಎಲ್ಲಿಗೆ ಹೋಯಿತೆಂದು ಯಾರೂ ಹೇಳಲಿಲ್ಲ. ಆ ವೀರನ ಹೆಸರನ್ನು ಕೊನೆಯದಾಗಿ ಓದಬಹುದಾಗಿದ್ದವನು ನಾನೇ ಇರಬಹುದೆಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಯಂತ್ರದಲ್ಲಿ ದೋಷವಿರಲಿಲ್ಲ. ಸವೆದ ಶಾಸನಕ್ಕೆ ನೆತ್ತಿಯ ಮೇಲಿನ ಬಿಸಿಲಾಗಲಿ ಎದುರಿನಿಂದ ಬೀಳುವ ಮಿಂಚುದೀಪವಾಗಲಿ ಆಗದು. ಬೆಳಕು ಶಿಲೆಯ ಮುಖವನ್ನು ಪಕ್ಕದಿಂದ ಸವರಿಕೊಂಡು ಹೋಗಬೇಕು. ಆಗ ಕೊರೆದ ಗೆರೆಯ ಒಂದು ದಡ ಬೆಳಗಿ ಇನ್ನೊಂದು ದಡ ಕಪ್ಪಾಗುತ್ತದೆ, ಅಕ್ಷರ ತಾನಾಗಿ ಎದ್ದು ನಿಲ್ಲುತ್ತದೆ. ಇದಕ್ಕೆ ಬೇಕಾದುದು ಗಟ್ಟಿಯಾದ ಒಂದು ಮುಕ್ಕಾಲಿ ಮತ್ತು ಒಂದು ಕೈದೀಪ, ಅಷ್ಟೆ. ಮುಚ್ಚಂಜೆಯಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಷಟರನ್ನು ನಾಲ್ಕೆಂಟು ಸೆಕೆಂಡು ತೆರೆದಿಟ್ಟು, ದೀಪವನ್ನು ಕಲ್ಲಿನ ಮಟ್ಟಕ್ಕೆ ತಗ್ಗಿಸಿ ಎಡದಿಂದ ಹಿಡಿಯಬೇಕು. ಅನಂತರ ಬಲದಿಂದ, ಮೇಲಿನಿಂದ, ಕೆಳಗಿನಿಂದ ಒಂದೊಂದು ಚಿತ್ರ. ಎಡದ ಬೆಳಕಿನಲ್ಲಿ ಕಾಣದ ಅಡ್ಡಗೆರೆ ಮೇಲಿನ ಬೆಳಕಿನಲ್ಲಿ ಕಾಣುತ್ತದೆ. ಸಂಶಯದ ಅಕ್ಷರ ನಾಲ್ಕು ಚಿತ್ರಗಳನ್ನು ಕೂಡಿಸಿ ನೋಡಿದಾಗ ನಿರ್ಣಯವಾಗುತ್ತದೆ. ಗುಂಡಿಯನ್ನೊತ್ತುವ ಬೆರಳಿನ ಅದುರು ಸಹ ಚಿತ್ರವನ್ನು ಕೆಡಿಸುವುದರಿಂದ ಎರಡು ಸೆಕೆಂಡಿನ ಸ್ವಯಂಚಾಲನೆಯನ್ನು ಬಳಸಬೇಕು. ಹೊಸ ಕ್ಯಾಮೆರಾಕ್ಕೆ ತೆತ್ತ ಹಣದ ಹತ್ತರಲ್ಲೊಂದು ಪಾಲು ಮುಕ್ಕಾಲಿಗೆ ಹೋಗಿದ್ದರೆ ಆ ಮೂರು ಸಾಲು ಇಂದು ಉಳಿದಿರುತ್ತಿದ್ದವು.

ಶಾಸನಕ್ಕೂ ಛಾಯಾಚಿತ್ರಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟಿದೆ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸರ್ಕಾರಕ್ಕಾಗಿ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬಿ. ಎಲ್. ರೈಸ್ ಅವರು 1879ರಲ್ಲಿ ಹೊರತಂದ ಮೈಸೂರು ಶಾಸನಗಳ ಅನುವಾದಕ್ಕೆ ಆ ಚಿತ್ರಗಳೇ ಬಹುಮಟ್ಟಿನ ಆಧಾರ. ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯ ಕರ್ನಾಟಿಕ ನಾಲ್ಕನೆಯ ಸಂಪುಟ ಬಂದದ್ದು 1898ರಲ್ಲಿ. ಗಾಜಿನ ಫಲಕಗಳ ಆ ಕಾಲದಲ್ಲಿ, ಹೊರೆಗಟ್ಟಲೆ ಸಾಮಾನು ಹೊತ್ತು ತೆಗೆದ ಚಿತ್ರದಿಂದ ವಿದ್ವಾಂಸರು ಪಾಠವನ್ನು ನಿರ್ಣಯಿಸಿದರೆಂದರೆ, ಅಂಗೈಯಗಲದ ಯಂತ್ರವನ್ನಿಟ್ಟುಕೊಂಡ ನಮಗೆ ನೆಪ ಹೇಳಲು ಎಡೆಯಿಲ್ಲ.

ಇನ್ನು ಮಸೂರದ ಮಾತು. ಅಂಗಡಿಯವರು ಬಾಡಿ ಎನ್ನುವ ಕ್ಯಾಮೆರಾದ ಒಡಲನ್ನು ವ್ಯಾಕರಣದ ಪ್ರಕೃತಿಯೆಂದೂ, ಲೆನ್ಸ್ ಅಂದರೆ ಮಸೂರವನ್ನು ಪ್ರತ್ಯಯವೆಂದೂ ತಿಳಿಯಬಹುದು. ಪ್ರಕೃತಿ ಒಂದೇ ಇದ್ದರೂ ಪ್ರತ್ಯಯ ಬದಲಾದಂತೆ ಅರ್ಥ ಬದಲಾಗುತ್ತದೆ. 'ಮರವನ್ನು' ಕಾಣುವುದೂ 'ಮರದಲ್ಲಿ' ಕಾಣುವುದೂ ಒಂದೇ ಅಲ್ಲವಷ್ಟೆ. ಚಿತ್ರದ ಸ್ಪಷ್ಟತೆ, ನೋಟದ ಅಗಲ, ಕತ್ತಲಲ್ಲಿ ಕೆಲಸಮಾಡುವ ಬಲ ಇವೆಲ್ಲ ಹೆಚ್ಚಾಗಿ ಮಸೂರದಿಂದ ಬರತಕ್ಕವು. ಒಡಲು ಐದಾರು ವರ್ಷಗಳಲ್ಲಿ ಹಳತೆನಿಸುತ್ತದೆ; ಒಳ್ಳೆಯ ಮಸೂರ ಕಾಲು ಶತಮಾನ ಬಾಳುತ್ತದೆ.

ಮಸೂರದ ಮೇಲೆ ಎರಡು ಬಗೆಯ ಅಂಕಿಗಳಿರುತ್ತವೆ. ಮಿಲಿಮೀಟರುಗಳಲ್ಲಿರುವುದು ಸಂಗಮದೂರ: ಅದು ಕಿರಿದಾದಷ್ಟೂ ನೋಟ ಅಗಲ, ಹಿರಿದಾದಷ್ಟೂ ದೂರದ್ದು ಹತ್ತಿರ. ಎಫ್ ಎಂಬ ಅಕ್ಷರದೊಡನೆ ಇರುವುದು ದ್ಯುತಿರಂಧ್ರದ ಮಾನ: ಇಲ್ಲಿ ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಎಫ್ 2.8ರಲ್ಲಿ ಒಳಬರುವ ಬೆಳಕಿನ ನಾಲ್ಕರಲ್ಲೊಂದು ಪಾಲು ಮಾತ್ರ ಎಫ್ 5.6ರಲ್ಲಿ ಬರುತ್ತದೆ. ಮಬ್ಬುಬೆಳಕಿನ ಸಭಾಂಗಣದಲ್ಲಿ ಮಕ್ಕಳ ನಾಟಕವನ್ನು ಹಿಡಿಯುವವನಿಗೆ ಈ ನಾಲ್ಕು ಪಟ್ಟಿನ ವ್ಯತ್ಯಾಸವೇ ಸರ್ವಸ್ವ. ಶಾಲೆಯ ಕೆಲಸಕ್ಕೆ ನನ್ನ ಆಯ್ಕೆಯೆಂದರೆ 50 ಮಿ.ಮೀ., ಎಫ್ 1.8ರ ಸ್ಥಿರ ಮಸೂರ. ಇದು ಹಲವು ಕಂಪನಿಗಳಲ್ಲಿ ಅಗ್ಗದ ಮಸೂರಗಳ ಸಾಲಿಗೆ ಸೇರಿದ್ದು. ಇದರಲ್ಲಿ ಹಿಗ್ಗುವ ಕುಗ್ಗುವ ಸೌಕರ್ಯವಿಲ್ಲ, ಕಾಲಿನಿಂದಲೇ ಹತ್ತಿರ ಹೋಗಬೇಕು, ದೂರ ಸರಿಯಬೇಕು. ಓಲೆಗರಿಗಳ ಪ್ರತಿ ತೆಗೆಯುವವರಿಗೆ ಮಾತ್ರ ಮ್ಯಾಕ್ರೊ ಎಂಬ ನಿಕಟದರ್ಶಕ ಮಸೂರ ಅವಶ್ಯ. ಅಗಲನೋಟದ ಮಸೂರದಿಂದ ಗರಿಯನ್ನು ತೆಗೆದರೆ ಅಂಚಿನ ಸಾಲುಗಳು ಬಿಲ್ಲಿನಂತೆ ಬಾಗುತ್ತವೆ. ಗರಿ ಮತ್ತು ಕ್ಯಾಮೆರಾದ ಬೆನ್ನು ಸಮಾನಾಂತರವಾಗಿರದಿದ್ದರೆ ಒಂದು ತುದಿಯ ಅಕ್ಷರಗಳು ಮಸುಕಾಗುತ್ತವೆ.

ಒಡಲಿನ ವಿಷಯದಲ್ಲಿ ಹೇಳಬೇಕಾದುದು ಕಡಿಮೆ. ಕನ್ನಡಿಯ ಮೂಲಕ ನೋಡುವ ಎಸ್‌ಎಲ್‌ಆರ್ ಮಾದರಿ ಅರ್ಧ ಶತಮಾನಕ್ಕೂ ಮಿಗಿಲಾಗಿ ಆಳಿತು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ದೊಡ್ಡ ಫಲಕದ ಕನ್ನಡಿಯಿಲ್ಲದ ಕ್ಯಾಮೆರಾಗಳನ್ನು ಹೊಸ ಜೋಡಣೆಯೊಡನೆ ತಂದ ಮೇಲೆ ಗಾಳಿ ಆ ಕಡೆಗೆ ತಿರುಗಿತು. ಶಬ್ದಮಣಿದರ್ಪಣವನ್ನು ಕಂಠಪಾಠ ಮಾಡಿ ಬೆಳೆದ ನನಗೆ ದರ್ಪಣವಿಲ್ಲದ ಯಂತ್ರವೆಂದರೆ ಮೊದಲು ಸ್ವಲ್ಪ ಕಸಿವಿಸಿಯಾಯಿತು! ಆದರೆ ಹೊಸದಾಗಿ ಕೊಳ್ಳುವವರು ಕನ್ನಡಿಯಿಲ್ಲದ್ದನ್ನೇ ಕೊಳ್ಳುವುದು ಸರಿ, ಹೊಸ ಮಸೂರಗಳು ಬರುತ್ತಿರುವುದು ಅದಕ್ಕೆ. ಕೈಯಲ್ಲಿ ಹಣ ಕಡಿಮೆಯಿರುವವರಿಗೆ ಇದರಿಂದಲೇ ಒಂದು ಲಾಭವೂ ಆಗಿದೆ. ಕನ್ನಡಿಯ ಕ್ಯಾಮೆರಾಗಳು, ಅವುಗಳ ಉತ್ತಮ ಮಸೂರಗಳು ಎರಡನೆಯ ಕೈಯಲ್ಲಿ ಸುಲಭ ಬೆಲೆಗೆ ದೊರೆಯುತ್ತಿವೆ. ಅವುಗಳಿಂದ ತೆಗೆದ ಚಿತ್ರ ನಿನ್ನೆಯವರೆಗೆ ಚೆನ್ನಾಗಿದ್ದುದು ಇಂದು ಕೆಡುವುದಿಲ್ಲ.

ಕೋಟಿ ಬಿಂದುಗಳ ಲೆಕ್ಕವನ್ನು ಹೇಳಿ ಬೆಲೆಯೇರಿಸುವವರ ಮಾತಿಗೆ ಮರುಳಾಗಬೇಕಾಗಿಲ್ಲ. ನಮ್ಮ ಈ ಸಂಚಿಕೆಯೇ ದೃಷ್ಟಾಂತವಾಗಲಿ. ಎ-4 ಅಳತೆಯ ಪೂರ್ಣಪುಟದ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚುಮಾಡಲು ಬೇಕಾಗುವುದು 2480ರಿಂದ 3508ನ್ನು ಗುಣಿಸಿದಷ್ಟು, ಎಂದರೆ ಸುಮಾರು 87 ಲಕ್ಷ ಬಿಂದುಗಳು. 24 ಮೆಗಾಪಿಕ್ಸೆಲ್, ಅಂದರೆ ಎರಡು ಕೋಟಿ ನಲವತ್ತು ಲಕ್ಷ ಬಿಂದುಗಳುಳ್ಳ ಸಾಧಾರಣ ಕ್ಯಾಮೆರಾದಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಇದೆ. ನಿಜವಾಗಿ ನೋಡಬೇಕಾದದ್ದು ಫಲಕದ ವಿಸ್ತಾರ. ಪೂರ್ಣ ಅಳತೆಯದು 36ಕ್ಕೆ 24 ಮಿ.ಮೀ.; ಹವ್ಯಾಸಿಗಳ ಹೆಚ್ಚಿನ ಕ್ಯಾಮೆರಾಗಳಲ್ಲಿರುವುದು ಅದಕ್ಕಿಂತ ಒಂದೂವರೆ ಪಟ್ಟು ಕಿರಿದು. ದೊಡ್ಡದು ಮಬ್ಬುಬೆಳಕಿನಲ್ಲಿ ಮೇಲು. ಕಿರಿದರಲ್ಲಿ 300 ಮಿ.ಮೀ. ಮಸೂರ 450 ಮಿ.ಮೀ.ನ ನೋಟವನ್ನು ಕೊಡುತ್ತದೆ, ಹೊರೆಯೂ ಕಡಿಮೆ. ಗುಂಪುಚಿತ್ರ, ಧ್ವಜಾರೋಹಣಗಳಿಗೆ ಕೈಯಲ್ಲಿರುವ ಮೊಬೈಲೇ ಸಾಕೆಂದು ನಾನು ಎಷ್ಟೋ ಜನರಿಗೆ ಹೇಳಿ ಹಣ ಉಳಿಸಿದ್ದೇನೆ.

ಒಂದೂವರೆ ಪಟ್ಟಿನ ಈ ಅನುಕೂಲ ಹಕ್ಕಿಗಳ ಚಿತ್ರ ತೆಗೆಯುವವರಿಗೆ ಮುಖ್ಯ. ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿರುವ ಹನಗೋಡಿನ ಅಣೆಯ ಬಳಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳನ್ನು ಕಂಡ ಹುಡುಗರಿಗೆ ಆ ಹವ್ಯಾಸ ಬೇಗ ಅಂಟುತ್ತದೆ. ಇಲ್ಲಿ 300 ಮಿ.ಮೀ.ಗೆ ಕಡಿಮೆಯಾದ ಮಸೂರದಿಂದ ಪ್ರಯೋಜನವಿಲ್ಲ. ಕೈಯಲ್ಲಿ ಹಿಡಿದು ತೆಗೆಯುವಾಗ ಷಟರಿನ ವೇಗ ಸಂಗಮದೂರದ ಅಂಕಿಗೆ ಸರಿಯಾಗಿರಬೇಕೆಂಬುದು ಹಳೆಯ ಸೂತ್ರ: 300ಕ್ಕೆ ಸೆಕೆಂಡಿನ 300ರಲ್ಲೊಂದು ಭಾಗ, ಕಿರಿಯ ಫಲಕವಾದರೆ 450ರಲ್ಲೊಂದು. ಹಾರುವ ಹಕ್ಕಿಗೆ ಸಾವಿರದಲ್ಲೊಂದಾದರೂ ಬೇಕು. ಕರ್ನಾಟಕದಲ್ಲಿ ಈ ಕಲೆಗೆ ದೊಡ್ಡ ಪರಂಪರೆಯೇ ಇದೆ. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯ ತೋಟದಲ್ಲಿದ್ದ ನಮ್ಮ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಫಿಲ್ಮಿನ ಕಾಲದಲ್ಲಿ, ಒಂದು ಸುರುಳಿಗೆ 36 ಚಿತ್ರಗಳಷ್ಟೇ ಇದ್ದಾಗ ಕಾದು ಕಾದು ತೆಗೆದವರು.

ಉದ್ದೇಶಕ್ಕೆ ತಕ್ಕ ಯಂತ್ರ ಎಂಬುದಕ್ಕೆ ಅತ್ಯುತ್ತಮ ನಿದರ್ಶನ ನಮ್ಮ ನೆರೆಯ ನಾಗರಹೊಳೆಯಲ್ಲಿಯೇ ಇದೆ. 1990ರ ದಶಕದ ಆದಿಯಲ್ಲಿ ಉಲ್ಲಾಸ ಕಾರಂತರು ಅಲ್ಲಿ ಹುಲಿಗಳ ಗಣನೆಗೆ ಕ್ಯಾಮೆರಾಗಳನ್ನು ಬಳಸಿದರು. ಅದರ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಕಾಡಿನ ದಾರಿಯ ಎರಡು ಬದಿಗೆ ಎದುರುಬದುರಾಗಿ ಒಂದೊಂದು ಕ್ಯಾಮೆರಾ. ಹುಲಿ ನಡುವೆ ಹಾದೊಡನೆ ಎರಡೂ ತಾವಾಗಿಯೇ ಚಿತ್ರ ತೆಗೆಯುತ್ತಿದ್ದವು. ಎರಡೇಕೆಂದರೆ, ಒಂದು ಹುಲಿಯ ಪಟ್ಟೆಗಳು ಇನ್ನೊಂದರಂತಿರುವುದಿಲ್ಲ. ಅಷ್ಟೇ ಅಲ್ಲ, ಅದೇ ಹುಲಿಯ ಎಡಪಕ್ಕೆ ಬಲಪಕ್ಕೆಯಂತಿರುವುದಿಲ್ಲ. ಅಲ್ಲಿ ಕಲಾತ್ಮಕ ಚೆಲುವು ಬೇಕಿರಲಿಲ್ಲ, ದೂರದರ್ಶಕ ಮಸೂರವೂ ಬೇಕಿರಲಿಲ್ಲ. ಎರಡು ಪಕ್ಕೆಗಳು ಸ್ಪಷ್ಟವಾಗಿ ಕಂಡರೆ ಸಾಕಿತ್ತು. ಒಂದು ಅಮೂಲ್ಯ ಕ್ಯಾಮೆರಾಕ್ಕಿಂತ ಎರಡು ಸಾಧಾರಣ ಕ್ಯಾಮೆರಾಗಳೇ ಅಲ್ಲಿ ಲೇಸು.

ಪರಿಕರಗಳಲ್ಲಿ ಮುಕ್ಕಾಲಿಯನ್ನು ಆಗಲೇ ಹೇಳಿದೆ. ಕೊಳ್ಳುವಾಗ ನಡುಗಂಬವನ್ನು ಎತ್ತದೆಯೇ ಕಣ್ಣಿನ ಮಟ್ಟಕ್ಕೆ ಬರುವುದೇ ಎಂದು ನೋಡಬೇಕು. ಮಸೂರದ ಮುಂದೆ ಹಾಕುವ ಗಾಜುಗಳಲ್ಲಿ ಪೋಲರೈಸರ್ ಒಂದೇ ನಿಜವಾಗಿ ಪ್ರಯೋಜನಕಾರಿ. ನೀರಿನ ಮೇಲಣ ಹೊಳಪನ್ನು ಅದು ತಡೆಯುತ್ತದೆ, ಜೊತೆಗೆ ಬೆಳಕನ್ನೂ ತಿನ್ನುತ್ತದೆ. ಎರಡನೆಯ ಬ್ಯಾಟರಿ, ಎರಡನೆಯ ಸಂಗ್ರಹಪಟ್ಟಿ ಬೇಕೇ ಬೇಕು. ಚೀಲದ ಅಂದಚೆಂದ ನೋಡಬೇಡಿ.

ನಮ್ಮ ಸೀಮೆಯಲ್ಲಿ ಮಸೂರಕ್ಕೆ ಪರಮಶತ್ರು ಬೂಸಲು. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಬೀರುವಿನಲ್ಲಿಟ್ಟ ಮಸೂರದೊಳಗೆ ಜೇಡನ ಬಲೆಯಂತೆ ಅದು ಹಬ್ಬುತ್ತದೆ. ಪ್ರೀತಿಯಿಂದ ಚರ್ಮದ ಚೀಲದಲ್ಲಿ ಸುತ್ತಿ ಕತ್ತಲಲ್ಲಿಟ್ಟಷ್ಟೂ ಬೇಗ ಬರುತ್ತದೆ. ನಾನು ಹೀಗೆ ಒಂದು ಮಸೂರವನ್ನು ಕಳೆದುಕೊಂಡಿದ್ದೇನೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಹರಳುಗಳ ಪೊಟ್ಟಣದೊಡನೆ ಇಡುವುದು ಅಗ್ಗದ ಉಪಾಯ. ನೀಲಿ ಹರಳು ತೇವವನ್ನು ಕುಡಿದು ನಸುಗೆಂಪಾದಾಗ ಬಾಣಲೆಯಲ್ಲಿ ಮೆಲ್ಲನೆ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಕೂಡದು, ನೀಲಿ ಬಣ್ಣಕ್ಕೆ ಬೆರೆಸುವ ಕೋಬಾಲ್ಟ್ ಲವಣ ವಿಷ. ಆರ್ದ್ರತೆ ನೂರಕ್ಕೆ 40ರಿಂದ 50ರೊಳಗಿದ್ದರೆ ಕ್ಷೇಮ. ಎರಡನೆಯ ಕೈಯ ಮಸೂರವನ್ನು ಕೊಳ್ಳುವವರು ಹಿಂದಿನಿಂದ ಕೈದೀಪ ಹಿಡಿದು ಓರೆಯಾಗಿ ನೋಡಬೇಕು. ಒಂದೆರಡು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ. ಬಲೆಯ ಎಳೆ ಕಂಡರೆ ಹಿಂದಿರುಗಿಸಿಬಿಡಬೇಕು.

ಪತ್ರ ಬರೆದ ಆ ಹಳೆಯ ವಿದ್ಯಾರ್ಥಿಗೆ ಕೊನೆಗೆ ನಾನು ಬರೆದದ್ದಿಷ್ಟು: ಕೊಡಬೇಕೆಂದಿರುವ ಹಣವನ್ನು ಹತ್ತು ಪಾಲು ಮಾಡಿ. ಮೂರು ಪಾಲಿಗೆ ಕಿರಿಯ ಫಲಕದ ಒಂದು ಸಾಧಾರಣ ಒಡಲು, ಬಳಸಿದ್ದಾದರೂ ಸರಿಯೆ. ನಾಲ್ಕು ಪಾಲಿಗೆ 50 ಮಿ.ಮೀ. ಮಸೂರ ಮತ್ತು ಒಂದು ಮ್ಯಾಕ್ರೊ. ಎರಡು ಪಾಲಿಗೆ ಮುಕ್ಕಾಲಿ, ಕೈದೀಪ, ಗಾಳಿಯಾಡದ ಡಬ್ಬಿ. ಉಳಿದ ಒಂದು ಪಾಲನ್ನು ಹುಡುಗರ ಬಸ್ಸಿನ ಖರ್ಚಿಗೆಂದು ಬೇರೆಯಿಡಿ. ಸುತ್ತಣ ಹಳ್ಳಿಗಳ ಕೆರೆಯೇರಿಗಳಲ್ಲಿ, ಹಾಳುಗುಡಿಗಳ ಅಂಗಳದಲ್ಲಿ ವೀರಗಲ್ಲುಗಳು ಇನ್ನೂ ನಿಂತಿವೆ. ಒಂಬತ್ತನೆಯ ತರಗತಿಯ ಐವರು ಅವುಗಳ ಪಟ್ಟಿಯನ್ನು ಆರಂಭಿಸಿದ್ದಾರೆ; ಈವರೆಗೆ ಹನ್ನೊಂದು ಸಿಕ್ಕಿವೆ. ಮಳೆಗೆ ಮುಂಚೆ ಯಂತ್ರ ಕೈಸೇರಿದರೆ ಅನುಕೂಲ.