ವಿದ್ಯುತ್ ಗಿಟಾರಿನ ಕಿವಿ

ಗಣೇಶೋತ್ಸವದ ದಿನಗಳಲ್ಲಿ ಹರಿಹರ ದಾವಣಗೆರೆಗಳ ಬೀದಿಗಳಲ್ಲಿ ಅಡ್ಡಾಡಿದವರಿಗೆ ವಾದ್ಯಗೋಷ್ಠಿಯ ವಿದ್ಯುತ್ ಗಿಟಾರಿನ ನಾದವು ಅಪರಿಚಿತವಲ್ಲ. ಆ ವಾದ್ಯವನ್ನು ಸಮೀಪದಿಂದ ನೋಡಿದವರಿಗೆ ಒಂದು ಸಂದೇಹವು ಬಾರದಿರದು. ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ, ಪಿಟೀಲಿಗೆ ಟೊಳ್ಳಾದ ಒಡಲಿದೆ. ವಿದ್ಯುತ್ ಗಿಟಾರಿಗಾದರೋ ಬಹುಮಟ್ಟಿಗೆ ಇರುವುದು ಗಟ್ಟಿಯಾದ ಮರದ ಹಲಗೆ ಮಾತ್ರ. ಧ್ವನಿವರ್ಧಕದ ಸಂಬಂಧವನ್ನು ತಪ್ಪಿಸಿ ತಂತಿಯನ್ನು ಮೀಟಿದರೆ ಹತ್ತು ಹೆಜ್ಜೆ ದೂರದಲ್ಲಿ ಕುಳಿತವನಿಗೂ ಅದು ಸರಿಯಾಗಿ ಕೇಳಿಸದು. ಹಾಗಿದ್ದ ಮೇಲೆ ಒಂದು ಗಿಟಾರಿನ ದನಿ ಗಂಟೆಯಂತೆ ತಿಳಿಯಾಗಿಯೂ ಮತ್ತೊಂದರದು ಜೇನಿನಂತೆ ಮಂದವಾಗಿಯೂ ಇರುವುದೇಕೆ?

ತಂತಿಗಳ ಕೆಳಗೆ, ಹಲಗೆಯಲ್ಲಿ ಕೊರೆದ ಗುಳಿಯೊಳಗೆ ಹುದುಗಿರುವ ಬೆರಳುದ್ದದ ಸಾಧನವೊಂದು ಇದಕ್ಕೆ ಬಹುಪಾಲು ಹೊಣೆ. ಅದನ್ನು ಪಿಕಪ್ ಎಂದು ಕರೆಯುತ್ತಾರೆ. ಅದು ವಾದ್ಯದ ಕಿವಿ. 1950ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಪಿಕಪ್ಪುಗಳಿಗೆ ಇಂದು ವಿಪರೀತ ಬೆಲೆಯುಂಟು. ಅವುಗಳ ಮಾದರಿಯಲ್ಲಿ ಹೊಸದಾಗಿ ಮಾಡಿದವುಗಳಿಗೂ ಸಾಮಾನ್ಯ ಪಿಕಪ್ಪಿನ ಹಲವು ಪಟ್ಟು ಹಣವನ್ನು ತೆರಬೇಕು. ಕೆಲವೊಮ್ಮೆ ಪಿಕಪ್ಪಿನ ಬೆಲೆಯು ಗಿಟಾರಿನ ಬೆಲೆಯನ್ನೇ ಮೀರುವುದು. ವರ್ಷಕ್ಕೆ ಕೆಲವೇ ತಿಂಗಳು ಸಂಪಾದನೆಯಿರುವ ವಾದಕನು ಅಷ್ಟು ಹಣವನ್ನು ಚೆಲ್ಲುವ ಮುನ್ನ, ಹಳೆಯದೆಂಬ ಆ ಗುಣವು ಯಾವ ವಸ್ತುವಿನಲ್ಲಿ ನೆಲೆಸಿದೆ ಎಂಬುದನ್ನು ತಿಳಿಯುವುದು ಲೇಸು.

ತತ್ತ್ವವು ಸರಳ. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವು ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆಂದು 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿದನು. ಜೋಗದ ಜಲವಿದ್ಯುದಾಗಾರದ ದೈತ್ಯ ಯಂತ್ರವೂ ಗಿಟಾರಿನ ಪಿಕಪ್ಪೂ ಈ ಒಂದೇ ನಿಯಮದ ಮಕ್ಕಳು. ಪಿಕಪ್ಪಿನ ಆಯಸ್ಕಾಂತವು ತನ್ನ ಮೇಲಿರುವ ಉಕ್ಕಿನ ತಂತಿಯನ್ನೂ ಕಾಂತವನ್ನಾಗಿ ಮಾಡುತ್ತದೆ. ತಂತಿಯು ಕಂಪಿಸಿದಾಗ ಕ್ಷೇತ್ರವೂ ಅದೇ ಲಯದಲ್ಲಿ ತೂಗಾಡುತ್ತದೆ. ಸುರುಳಿಯಲ್ಲಿ ಅದೇ ಲಯದ ಕ್ಷೀಣ ವಿದ್ಯುತ್ತು ಹುಟ್ಟುತ್ತದೆ. ಗಾಳಿಯ ಅಲೆಗಳೊಡನೆ ಪಿಕಪ್ಪಿಗೆ ಏನೂ ಕೆಲಸವಿಲ್ಲ. ಗಾಯಕನು ಅದರ ಮುಂದೆ ನಿಂತು ಎಷ್ಟು ಹಾಡಿದರೂ, ಒಳ್ಳೆಯ ಪಿಕಪ್ಪಾದರೆ, ಅದು ಕಿವುಡು.

ಈ ಉಪಾಯವು ಮೊದಲು ಫಲಿಸಿದ್ದು ಮಡಿಲಲ್ಲಿರಿಸಿ ನುಡಿಸುವ ಹವಾಯಿಯನ್ ಗಿಟಾರಿನಲ್ಲಿ. ಜಾರ್ಜ್ ಬೋಶಾಂ ಎಂಬ ವಾದಕನು ರೂಪಿಸಿದ ಲೋಹದ ವಾದ್ಯವೊಂದನ್ನು ರಿಕನ್‌ಬ್ಯಾಕರ್ ಎಂಬುವನ ಸಂಸ್ಥೆಯು 1932ರಲ್ಲಿ ಮಾರುಕಟ್ಟೆಗೆ ತಂದಿತು. ಆಕಾರವನ್ನು ನೋಡಿ ಜನರು ಅದನ್ನು ಬಾಣಲೆಯೆಂದೇ ಕರೆದರು! ಅದರಲ್ಲಿ ಲಾಳಾಕಾರದ ಎರಡು ಆಯಸ್ಕಾಂತಗಳು ತಂತಿಗಳನ್ನು ಸುತ್ತುವರಿದಿದ್ದವು. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದೊಡನೆ ಬೆರಸಿದ ಅಲ್ನಿಕೊ ಎಂಬ ಮಿಶ್ರಲೋಹವು ಬಂದ ಮೇಲೆ ಪುಟ್ಟ ಕಡ್ಡಿಯೇ ಆ ಕೆಲಸಕ್ಕೆ ಸಾಕಾಯಿತು. ರೇಡಿಯೋ ದುರಸ್ತಿಯಿಂದ ಜೀವನವನ್ನಾರಂಭಿಸಿದ ಲಿಯೋ ಫೆಂಡರ್ 1954ರಲ್ಲಿ ಹೊರತಂದ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನಲ್ಲಿ ಮೂರು ಪಿಕಪ್ಪುಗಳಿದ್ದವು. ಒಂದೊಂದರಲ್ಲಿಯೂ ತಂತಿಗೊಂದರಂತೆ ಆರು ಅಲ್ನಿಕೊ ಕಡ್ಡಿಗಳು, ಅವುಗಳ ಸುತ್ತ ಒಂದೇ ಸುರುಳಿ.

ಸುರುಳಿಯ ವಿಷಯವನ್ನು ಹರಿಹರದವರಿಗೆ ವಿವರಿಸಿ ಹೇಳಬೇಕಾದುದಿಲ್ಲ. 1941ರಲ್ಲಿ ಇಲ್ಲಿ ಸ್ಥಾಪಿತವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ದೇಶದೆಲ್ಲೆಡೆ ತಿರುಗಿದವು. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿಯನ್ನು ಸುತ್ತಿಕೊಡುವ ಅಂಗಡಿಗಳನ್ನು ಗದ್ದೆ ತೋಟಗಳ ಈ ಸೀಮೆಯಲ್ಲಿ ನೋಡದವರಾರು? ಪಿಕಪ್ಪಿನ ಸುರುಳಿಯೂ ಮೆರುಗೆಣ್ಣೆ ಬಳಿದ ತಾಮ್ರದ ತಂತಿಯದೇ. ಆದರೆ ಅದರ ದಪ್ಪವು ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಪಾಲು; ನಮ್ಮ ತಲೆಗೂದಲಿಗೆ ಸರಿಸಮ. ಸ್ಟ್ರಾಟೋಕ್ಯಾಸ್ಟರಿನ ಪಿಕಪ್ಪಿನಲ್ಲಿ ಅದನ್ನು ಸುಮಾರು 8,000 ಸುತ್ತು ಸುತ್ತಿರುತ್ತಾರೆ. ಬಿಚ್ಚಿ ಹಾಸಿದರೆ ಒಂದು ಕಿಲೋಮೀಟರಿಗೂ ಮಿಕ್ಕು ಉದ್ದ. ತೂಗಿದರೆ ಮೂವತ್ತು ಗ್ರಾಮಿನಷ್ಟು ತಾಮ್ರ. ಇಂತಹ ಹದಿಮೂರು ಪಿಕಪ್ಪುಗಳನ್ನು ಬಿಚ್ಚಿದರೆ ತಂತಿಯು ಹರಿಹರದಿಂದ ದಾವಣಗೆರೆಯನ್ನು ಮುಟ್ಟೀತು. ಸುತ್ತುಗಳು ಸಡಿಲವಾಗಿದ್ದರೆ ಅವೇ ನಡುಗಿ ಸಿಳ್ಳುಗರೆಯುತ್ತವೆ. ಆದುದರಿಂದ ಮೋಟಾರಿನ ಸುರುಳಿಗೆ ವಾರ್ನಿಷ್ ಕುಡಿಸುವಂತೆ ಪಿಕಪ್ಪಿಗೆ ಕರಗಿದ ಮೇಣವನ್ನು ಕುಡಿಸುವುದುಂಟು.

ಇನ್ನು ನಾದಗುಣದ ಮಾತು. ಸುತ್ತುಗಳನ್ನು ಹೆಚ್ಚಿಸಿದರೆ ವಿದ್ಯುತ್ತು ಹೆಚ್ಚುತ್ತದೆ, ದನಿ ಏರುತ್ತದೆ. ಇಷ್ಟನ್ನು ಯಾರಾದರೂ ಊಹಿಸಬಲ್ಲರು. ಆದರೆ ಸುರುಳಿಗೆ ಮತ್ತೊಂದು ಸ್ವಭಾವವಿದೆ. ತನ್ನಲ್ಲಿ ಹರಿಯುವ ಪ್ರವಾಹದ ಬದಲಾವಣೆಯನ್ನು ಅದು ಎದುರಿಸುತ್ತದೆ. ಇದಕ್ಕೆ ಸ್ವಪ್ರೇರಕತೆಯೆಂದು ಹೆಸರು. ಅಳೆಯುವ ಮಾನ ಹೆನ್ರಿ. ಇತ್ತ, ಗಿಟಾರಿನಿಂದ ಧ್ವನಿವರ್ಧಕಕ್ಕೆ ಹೋಗುವ ಕೇಬಲ್ಲಿನ ಒಳತಂತಿಯೂ ಅದರ ಹೊರಹೆಣಿಗೆಯೂ ಸೇರಿ ವಿದ್ಯುತ್ತನ್ನು ಕೂಡಿಡುವ ಒಂದು ಧಾರಕವಾಗುತ್ತವೆ. ಸ್ವಪ್ರೇರಕತೆ ಮತ್ತು ಧಾರಕತೆ ಇವೆರಡೂ ಕೂಡಿದಲ್ಲಿ ಜೋಕಾಲಿಯ ನಿಯಮ ಬರುತ್ತದೆ. ಜೋಕಾಲಿಗೆ ತನ್ನದೇ ಆದ ಒಂದು ವೇಗವುಂಟು. ಆ ವೇಗಕ್ಕೆ ಹೊಂದಿಕೊಂಡು ತಳ್ಳಿದರೆ ಅಲ್ಪ ಬಲಕ್ಕೇ ಎತ್ತರಕ್ಕೇರುವುದು, ಅದಕ್ಕಿಂತ ಅವಸರದಿಂದ ತಳ್ಳಿದರೆ ಅಲ್ಲಾಡದು. ಪಿಕಪ್ಪೂ ಹಾಗೆಯೇ. ಒಂದು ನಿರ್ದಿಷ್ಟ ಕಂಪನಸಂಖ್ಯೆಯ ಬಳಿ ಅದು ಉಪಸ್ವರಗಳನ್ನು ಎತ್ತಿ ತೋರಿಸುತ್ತದೆ. ಅದಕ್ಕೆ ಮೇಲ್ಪಟ್ಟವುಗಳನ್ನು ಬೇಗನೆ ಅಡಗಿಸುತ್ತದೆ. ಇದು ಅದರ ಅನುರಣನ.

ಕೊಂಚ ಲೆಕ್ಕ ಮಾಡೋಣ; ವಾಚಕರು ಬೇಸರಪಡಬಾರದು. ಸ್ಟ್ರಾಟೋಕ್ಯಾಸ್ಟರಿನ ಪಿಕಪ್ಪಿನ ಸ್ವಪ್ರೇರಕತೆ ಸುಮಾರು 2.4 ಹೆನ್ರಿ. ಐದು ಮೀಟರ್ ಕೇಬಲ್ಲಿನ ಧಾರಕತೆ 500 ಪಿಕೋಫ್ಯಾರಡ್ ಎಂದೂ, ಸುರುಳಿಯ ಸ್ವಂತದ್ದು 100 ಎಂದೂ ಹಿಡಿದರೆ ಅನುರಣನವು ಸೆಕೆಂಡಿಗೆ 4,200 ಕಂಪನಗಳ ಬಳಿ ಬೀಳುತ್ತದೆ. ಎರಡು ಸುರುಳಿಗಳ ಹಳೆಯ ಗಿಬ್ಸನ್ ಪಿಕಪ್ಪಿನ ಸ್ವಪ್ರೇರಕತೆಯನ್ನು 4.4 ಹೆನ್ರಿ ಎಂದಿಟ್ಟುಕೊಂಡರೆ ಅದೇ ಕೇಬಲ್ಲಿನೊಡನೆ 3,100. ನಮ್ಮ ಕಿವಿಯು ಅತಿ ಸೂಕ್ಷ್ಮವಾಗಿರುವುದು 2,000ದಿಂದ 5,000 ಕಂಪನಗಳ ನಡುವೆಯೇ. ಆದುದರಿಂದ ಈ ಅಂತರವು ಕಾಗದದ ಮೇಲಿನದಾಗಿ ಉಳಿಯುವುದಿಲ್ಲ. ಮೊದಲನೆಯದು ಹೊಳಪಾಗಿಯೂ ಎರಡನೆಯದು ತುಂಬುದನಿಯಾಗಿಯೂ ಕೇಳುತ್ತದೆ.

ಸ್ವಾರಸ್ಯವಿರುವುದು ಮುಂದೆ. ಸ್ಟ್ರಾಟೋಕ್ಯಾಸ್ಟರಿಗೆ ಐದರ ಬದಲು ಹತ್ತು ಮೀಟರಿನ ಕೇಬಲ್ಲನ್ನು ಹಾಕಿ ಲೆಕ್ಕವನ್ನು ಮತ್ತೆ ಮಾಡಿ ನೋಡಿ. ಉತ್ತರವು ಅದೇ 3,100! ಸಾವಿರಾರು ರೂಪಾಯಿಗಳ ಪಿಕಪ್ಪಿನಿಂದ ಬರಬೇಕಾಗಿದ್ದ ವ್ಯತ್ಯಾಸದ ಒಂದು ಭಾಗವು ಕೇಬಲ್ಲಿನ ಉದ್ದದಲ್ಲಿ ಅಡಗಿ ಕುಳಿತಿದೆ. ಮನೆಯಲ್ಲಿ ಮೂರು ಮೀಟರ್ ಕೇಬಲ್ಲಿನಿಂದ ನುಡಿಸಿದ ಗಿಟಾರು ವಿಶಾಲವಾದ ವೇದಿಕೆಯ ಮೇಲೆ ಮಂಕಾಯಿತೆಂದು ದೂರುವವರು ಮೊದಲು ನೋಡಬೇಕಾದದ್ದು ಕಾಲ ಬಳಿ ಸುರುಳಿಸುತ್ತಿ ಬಿದ್ದಿರುವ ಆ ಹಗ್ಗವನ್ನು. ದನಿ ಏರಿಳಿಸುವ ಗುಂಡಿಯ ರೋಧಕ್ಕೂ ಇದರಲ್ಲಿ ಪಾಲಿದೆ. 2,50,000 ಓಮಿನ ರೋಧವು ಅನುರಣನದ ಶಿಖರವನ್ನು ತಗ್ಗಿಸುತ್ತದೆ. 5,00,000 ಓಮಿನದು ಅದನ್ನು ಚೂಪಾಗಿ ನಿಲ್ಲಗೊಡುತ್ತದೆ. ಫೆಂಡರ್ ಮೊದಲನೆಯದನ್ನೂ ಗಿಬ್ಸನ್ ಎರಡನೆಯದನ್ನೂ ಬಳಸಿದ್ದು ಈ ಕಾರಣದಿಂದ ಸರಿಯಾಗಿಯೇ ಹೊಂದಿಕೊಂಡಿತು. ಅಂಗಡಿಗಳಲ್ಲಿ ಪಿಕಪ್ಪನ್ನು ಅದರ ಓಮುಗಳ ಲೆಕ್ಕದಲ್ಲಿ ಹೊಗಳುವ ರೂಢಿಯಿದೆ. ಅದನ್ನು ಹೆಚ್ಚು ನಂಬಬಾರದು. ತಂತಿಯನ್ನು ಇನ್ನಷ್ಟು ತೆಳುವಾಗಿಸಿದರೆ ಸುತ್ತು ಹೆಚ್ಚದಿದ್ದರೂ ರೋಧವು ಹೆಚ್ಚುತ್ತದೆ. ಓಮುಗಳಿಗೆ ನಾದ ತಿಳಿಯದು.

ಪಿಕಪ್ಪು ತಂತಿಯ ಯಾವ ಸ್ಥಳದಲ್ಲಿ ಕಿವಿಯಿಡುತ್ತದೆ ಎಂಬುದು ಎರಡನೆಯ ವಿಚಾರ. ತಂತಿಯು ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡು, ಮೂರು, ನಾಲ್ಕು ಭಾಗಗಳಾಗಿಯೂ ಕಂಪಿಸುತ್ತದೆ. ಭಾಗಗಳ ನಡುವೆ ನಿಶ್ಚಲ ಬಿಂದುಗಳಿರುತ್ತವೆ. ನಿಶ್ಚಲ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟದೆಂಬುದು ಥಾಮಸ್ ಯಂಗನ ಹೆಸರಿನಲ್ಲಿರುವ ನಿಯಮ. ನಮ್ಮ ವೀಣೆ ತಂಬೂರಿಗಳು ಈ ನಿಯಮವನ್ನು ಮೀರುತ್ತವೆ. ಕುದುರೆಯ ಬಾಗಿದ ಮೇಲ್ಮೈಗೆ ತಂತಿಯು ಸವರಿಕೊಂಡು ನುಡಿಯುವುದೇ ಅದಕ್ಕೆ ಕಾರಣವೆಂದು 1921ರಲ್ಲಿ ಸಿ. ವಿ. ರಾಮನ್ನರು ಪ್ರಕಟಿಸಿದರು. ಗಿಟಾರಿನ ಕುದುರೆ ಅಷ್ಟು ಉದಾರವಲ್ಲ. ಅಲ್ಲಿ ಯಂಗನ ನಿಯಮವೇ ಕನ್ನಡಿಯ ಬಿಂಬದಂತೆ ಪಿಕಪ್ಪಿಗೂ ಅನ್ವಯಿಸುತ್ತದೆ: ನಿಶ್ಚಲ ಬಿಂದುವಿನ ಕೆಳಗೆ ಕುಳಿತ ಪಿಕಪ್ಪಿಗೆ ಆ ಉಪಸ್ವರ ಕೇಳದು. ಸ್ಟ್ರಾಟೋಕ್ಯಾಸ್ಟರಿನ ತಂತಿಯುದ್ದ 648 ಮಿಲಿಮೀಟರ್. ಕತ್ತಿನ ಬಳಿಯ ಪಿಕಪ್ಪು ಕುದುರೆಯಿಂದ ಅದರ ಸುಮಾರು ಕಾಲುಭಾಗದಲ್ಲಿದೆ. ಬಿಡಿತಂತಿಯ ನಾಲ್ಕನೆಯ ಉಪಸ್ವರ ಅದಕ್ಕೆ ಬಹುತೇಕ ಇಲ್ಲವೇ ಇಲ್ಲ, ದನಿ ದುಂಡಗಾಗುತ್ತದೆ. ಕುದುರೆಯ ಬಳಿಯದಕ್ಕೆ ಎಲ್ಲ ಉಪಸ್ವರಗಳೂ ಕೇಳುತ್ತವೆ, ಮೂಲಸ್ವರ ಕ್ಷೀಣಿಸುತ್ತದೆ, ಆದುದರಿಂದ ಕೀರಲು.

ಒಂಟಿ ಸುರುಳಿಗೆ ಒಂದು ಶಾಪವಿದೆ. ಅದು ತಂತಿಯ ಕಾಂತಕ್ಷೇತ್ರವನ್ನಲ್ಲದೆ ಸುತ್ತಲಿನ ಎಲ್ಲ ಕಾಂತಕ್ಷೇತ್ರಗಳನ್ನೂ ಆಲಿಸುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಪೆಂಡಾಲಿನ ಟ್ರಾನ್ಸ್‌ಫಾರ್ಮರುಗಳೂ ಟ್ಯೂಬ್‌ಲೈಟಿನ ಚೋಕುಗಳೂ ಆ ಆವರ್ತನವನ್ನೂ ಅದರ ಗುಣಕಗಳನ್ನೂ ಸೂಸುತ್ತವೆ. ಧ್ವನಿವರ್ಧಕದಲ್ಲಿ ಅದೇ ದುಂಬಿಯ ಝೇಂಕಾರವಾಗುತ್ತದೆ. ವಾದಕನು ನಿಂತಲ್ಲೇ ಮೆಲ್ಲಗೆ ತಿರುಗಿದರೆ ಒಂದು ದಿಕ್ಕಿನಲ್ಲಿ ಝೇಂಕಾರ ಬಹಳ ತಗ್ಗುವುದು. ಕಾಸಿಲ್ಲದ ಈ ಚಿಕಿತ್ಸೆಯನ್ನು ಬಲ್ಲವರು ಕಡಿಮೆ. ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎರಡು ಸುರುಳಿಗಳನ್ನು ಅಕ್ಕಪಕ್ಕದಲ್ಲಿರಿಸಿ, ಒಂದರ ಆಯಸ್ಕಾಂತವನ್ನೂ ಜೋಡಣೆಯನ್ನೂ ತಿರುವುಮುರುವು ಮಾಡಿದನು. ಹೊರಗಿನ ಝೇಂಕಾರವು ಎರಡರಲ್ಲಿಯೂ ಎದುರುಬದುರಾಗಿ ಹುಟ್ಟಿ ಅಳಿಯುತ್ತದೆ. ತಂತಿಯ ನಾದವು ಎರಡು ಬಾರಿ ತಿರುವಲ್ಪಟ್ಟು ಕೂಡಿಕೊಳ್ಳುತ್ತದೆ. ಇದರ ಹಕ್ಕಿಗೆ 1955ರಲ್ಲಿ ಅರ್ಜಿ ಹೋಯಿತು, 1959ರಲ್ಲಿ ಅದು ಮಂಜೂರಾಯಿತು.

ಅರ್ಜಿ ಸಲ್ಲಿಸಲಾಗಿದೆ ಎಂಬ ಚೀಟಿಯನ್ನು ಬೆನ್ನಿಗೆ ಅಂಟಿಸಿಕೊಂಡಿದ್ದ ಆ ಕಾಲದ ಪಿಕಪ್ಪುಗಳೇ ಇಂದು ಮುತ್ತುರತ್ನಗಳಂತೆ ಮಾರಾಟವಾಗುತ್ತಿರುವವು. ವಿಚಿತ್ರವೆಂದರೆ ಅವು ಒಂದರಂತೆ ಒಂದಿಲ್ಲ. ಸುತ್ತುಗಳ ಎಣಿಕೆಯಲ್ಲಿ ಕಟ್ಟುನಿಟ್ಟಿರಲಿಲ್ಲ. ಕೈಗೆ ಸಿಕ್ಕ ದರ್ಜೆಯ ಅಲ್ನಿಕೊವನ್ನು ಹಾಕುತ್ತಿದ್ದರು. ಒಂದರ ರೋಧವು 7,000 ಓಮಾದರೆ ಮತ್ತೊಂದರದು 9,000. ಎರಡು ಸುರುಳಿಗಳ ಸುತ್ತು ಸಮವಾಗಿಲ್ಲದಿದ್ದಾಗ ಝೇಂಕಾರವು ಪೂರ್ತಿ ಅಳಿಯದು, ಆದರೆ ಮೇಲಿನ ಉಪಸ್ವರಗಳು ತುಸು ಹೆಚ್ಚಾಗಿ ಉಳಿಯುತ್ತವೆ. ಹಳೆಯ ನಾದವೆಂದು ಕೊಂಡಾಡುವುದರಲ್ಲಿ ಈ ಅಚಾತುರ್ಯದ ಪಾಲೂ ಇದೆ. ಕಾಲಕಳೆದಂತೆ ಆಯಸ್ಕಾಂತವು ಸೊರಗಿ ದನಿ ಹದವಾಯಿತೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅಲ್ನಿಕೊ ಸುಮ್ಮನಿದ್ದರೆ ದಶಕಗಳಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ; ಬಲವಾದ ಎದುರು ಕ್ಷೇತ್ರಕ್ಕೆ ಸಿಕ್ಕಿದರೆ ಒಂದೇ ಕ್ಷಣದಲ್ಲಿ ಬಹಳವನ್ನು ಕಳೆದುಕೊಂಡೀತು. ಸುತ್ತು, ತಂತಿಯ ದಪ್ಪ, ಆಯಸ್ಕಾಂತದ ದರ್ಜೆ, ಸುರುಳಿಯ ಆಕಾರ, ಇವುಗಳನ್ನು ಅಳೆದು ಅನುಕರಿಸಬಹುದು. ಅರವತ್ತು ವರ್ಷದ ವಯಸ್ಸನ್ನು ಅನುಕರಿಸಬೇಕಾದ ಅಗತ್ಯವಿಲ್ಲ.

ಕೈಯಲ್ಲಿರುವ ಸಾಧಾರಣ ಪಿಕಪ್ಪಿನಿಂದಲೂ ಬಹಳವನ್ನು ಪಡೆಯಬಹುದು. ಅದರ ಎರಡು ಬದಿಯ ತಿರುಪುಗಳನ್ನು ಅರ್ಧ ಸುತ್ತಿನಂತೆ ತಿರುಗಿಸುತ್ತ ಕೇಳಬೇಕು. ತಂತಿಗೆ ತೀರ ಹತ್ತಿರ ತಂದರೆ ಆಯಸ್ಕಾಂತವು ತಂತಿಯನ್ನೇ ಎಳೆಯುತ್ತದೆ. ದಪ್ಪ ತಂತಿಯಲ್ಲಿ ಎರಡು ಶ್ರುತಿಗಳು ಕೇಳಿದಂತಾಗಿ ಕಂಪನವು ಬೇಗ ಅಳಿಯುತ್ತದೆ. ಎರಡು ಮೂರು ಮಿಲಿಮೀಟರ್ ಅಂತರವಿಟ್ಟರೆ ದನಿ ಸ್ವಲ್ಪ ತಗ್ಗಿದರೂ ಶುದ್ಧವಾಗುತ್ತದೆ. ಕಡಿದುಹೋದ ಸುರುಳಿಯನ್ನು ಎಸೆಯಲೂ ಬೇಕಿಲ್ಲ. ಸಣ್ಣ ಲೇಥು, ಸುತ್ತು ಎಣಿಸುವ ಸಾಧನ, ಹಗುರವಾದ ಕೈ ಇವಿಷ್ಟಿದ್ದರೆ ಅದನ್ನು ಮತ್ತೆ ಸುತ್ತಬಹುದು. ಮೋಟಾರಿನ ತಂತಿಯನ್ನೆಳೆದು ಪಳಗಿದ ಕೈಗೆ ಕಷ್ಟವಾಗುವುದು ಬಿಗಿಯನ್ನು ತಗ್ಗಿಸುವುದೊಂದೇ.

ಇದೇ ಪಿಕಪ್ಪನ್ನು ವೀಣೆಗೆ ಕೂಡಿಸಿದರೆ ಏನಾದೀತು? ಅನೇಕ ವೈಣಿಕರು ಹಾಗೆ ಮಾಡಿರುವುದುಂಟು. ಆದರೆ ಸಾಂಪ್ರದಾಯಿಕ ವೀಣೆಯಲ್ಲಿ ಮಂದ್ರ, ಅನುಮಂದ್ರ ತಂತಿಗಳು ಹಿತ್ತಾಳೆ ಅಥವಾ ಕಂಚಿನವು. ಆಯಸ್ಕಾಂತವು ಅವನ್ನು ಕಾಂತವಾಗಿಸಲಾರದು. ಸಾರಣಿ ಪಂಚಮಗಳು ಮೊಳಗುತ್ತಿರುವಾಗ ಅವೆರಡೂ ಬಹುತೇಕ ಮೂಕವಾಗುತ್ತವೆ. ಉಕ್ಕಿನ ಎಳೆಯ ಮೇಲೆ ಸುತ್ತಿದ ತಂತಿಗಳನ್ನು ಹೂಡಿದರೆ ಮಾತ್ರ ನಾಲ್ಕೂ ನುಡಿಯುತ್ತವೆ. ಆಗಲೂ ಹಲಸಿನ ಕೊಡದ ಗಂಭೀರ ಮಾರ್ದನಿಯು ಪಿಕಪ್ಪಿಗೆ ನೇರವಾಗಿ ಕೇಳದು. ಅದನ್ನು ಆಲಿಸಬೇಕಾದರೆ ಮರಕ್ಕೆ ಅಂಟಿಸುವ, ಒತ್ತಡದಿಂದ ವಿದ್ಯುತ್ತನ್ನು ಹುಟ್ಟಿಸುವ ಸ್ಫಟಿಕಜಾತಿಯ ಬಿಲ್ಲೆ ಬೇಕು. 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದ ಗುಣವದು. ಬಿಲ್ಲೆಯು ಮರದ ನಾದದೊಡನೆ ಬೆರಳಿನ ಸವರಿಕೆಯನ್ನೂ ಮೆಟ್ಟಿಲ ಸದ್ದನ್ನೂ ಒಯ್ಯುತ್ತದೆ, ಪೆಂಡಾಲಿನ ಧ್ವನಿವರ್ಧಕದ ಅಬ್ಬರಕ್ಕೆ ಕೊಡವು ನಡುಗಿದಾಗ ಊಳಿಡುತ್ತದೆ. ಆಯಸ್ಕಾಂತಕ್ಕೆ ಆ ಬಾಧೆ ಕಡಿಮೆ. ಎರಡನ್ನೂ ಕೂಡಿಸಿ ಹದಮಾಡಿಕೊಳ್ಳುವುದೂ ಸಾಧ್ಯ. ಹಾಗೆ ಕೂಡಿಸಿದಾಗ ಮಂದ್ರಸ್ಥಾಯಿಯು ಟೊಳ್ಳಾಗಿ ಕೇಳಿದರೆ ಎರಡರ ವಿದ್ಯುತ್ತು ಪರಸ್ಪರ ಎದುರಾಗಿದೆಯೆಂದು ತಿಳಿದು, ಆಯಸ್ಕಾಂತದ ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿ ಬೆಸೆಯಬೇಕು.