ಮಂತುಹುಳಿಯ ಮಾತ್ರೆಯೂ ಮೈಯ ಕೊಬ್ಬೂ

ಕಾಸರಗೋಡಿನ ತೋಟದಂಚಿನ ಮಂತುಹುಳಿ ಮರವನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಉತ್ತರ ಕನ್ನಡದವರು ಇದನ್ನೇ ಉಪ್ಪಾಗೆ ಎನ್ನುವರು, ಮಲಯಾಳಿಗಳು ಕುಡಂಪುಳಿ ಎನ್ನುವರು. ಮಳೆಗಾಲದಲ್ಲಿ ಉದುರಿದ ಹಣ್ಣನ್ನು ಆಯ್ದು, ಬೀಜ ತೆಗೆದು, ಸಿಪ್ಪೆಯನ್ನು ಹೊಗೆಯಲ್ಲಿ ಕಪ್ಪಾಗುವ ತನಕ ಒಣಗಿಸಿಟ್ಟರೆ ವರ್ಷವಿಡೀ ಸಾರಿಗೆ ಒದಗುತ್ತದೆ. ಪುನರ್ಪುಳಿಯು ಇದರ ದಾಯಾದಿ, ಬೇರೆಯೇ ಮರ.

ಈ ಸಿಪ್ಪೆಯ ಸತ್ವವು ‘ಗಾರ್ಸೀನಿಯಾ’ ಎಂಬ ಹೆಸರಿನಲ್ಲಿ ಬೊಜ್ಜು ಕರಗಿಸುವ ಮಾತ್ರೆಯಾಗಿ ಅಂಗಡಿಗೆ ಬಂದಿದೆ. ನಮ್ಮ ಮರದ ಹಣ್ಣೇ ತಾನೆ, ಕೆಡುಕೇನು ಎಂದು ಕೊಳ್ಳುವವರೂ ಉಂಟು. ಆದುದರಿಂದ ಇದರ ನಿಜಸ್ಥಿತಿಯನ್ನು ವಿಚಾರಿಸೋಣ.

ಈ ಹಣ್ಣಿನ ಮುಖ್ಯ ಹುಳಿಗೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಹೆಸರು. ಇದನ್ನು 1965ರಲ್ಲಿ ಗುರುತಿಸಿದವರು ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬವರು. ನಾವು ಉಂಡ ಅನ್ನ, ಸಕ್ಕರೆ ಹೆಚ್ಚಾದಾಗ ದೇಹವು ಅದನ್ನು ಕೊಬ್ಬಾಗಿ ಮಾರ್ಪಡಿಸಿ ಕೂಡಿಡುತ್ತದೆ. ಆ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನು ಈ ಹುಳಿಯು ತಡೆಯುತ್ತದೆ. ಮಾತ್ರೆಯ ವ್ಯಾಪಾರವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಮನುಷ್ಯರಲ್ಲಿ ಕಂಡುದೇನು? 1998ರಲ್ಲಿ ನ್ಯೂಯಾರ್ಕಿನ ವೈದ್ಯರು 135 ಮಂದಿ ಸ್ಥೂಲಕಾಯರನ್ನು ಎರಡು ಪಾಲು ಮಾಡಿದ ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ಪಾಲಿಗೆ ದಿನಕ್ಕೆ 1500 ಮಿಲಿಗ್ರಾಂ ಹುಳಿಯಿದ್ದ ಮಾತ್ರೆ, ಇನ್ನೊಂದಕ್ಕೆ ನೋಡಲು ಅಂತಹುದೇ ಆದ ಬರಿಯ ಮಾತ್ರೆ. ಯಾರಿಗೆ ಯಾವುದೆಂದು ಅವರಿಗೂ ತಿಳಿಯದು. ಇಬ್ಬರಿಗೂ ಒಂದೇ ಮಿತಾಹಾರ. 12 ವಾರಗಳಲ್ಲಿ ಹುಳಿ ನುಂಗಿದವರು ಸರಾಸರಿ 3.2 ಕಿಲೋ ಇಳಿದರು. ಬರಿಯ ಮಾತ್ರೆಯವರು 4.1 ಕಿಲೋ! ಈ ಅಂತರವೂ ಲೆಕ್ಕಕ್ಕೆ ಬರುವಂತಹುದಲ್ಲ. ತೂಕ ಇಳಿಸಿದ್ದು ಊಟದ ಮಿತಿಯೇ ಎಂಬುದು ಇದರಿಂದ ತೋರಿಬರುತ್ತದೆ. ಇಂತಹ ಹಲವು ಪರೀಕ್ಷೆಗಳನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ ಲಾಭ ಒಂದು ಕಿಲೋದೊಳಗೆ. ಕಟ್ಟುನಿಟ್ಟಾಗಿ ನಡೆಸಿದವುಗಳಲ್ಲಿ ಅದೂ ಇಲ್ಲ.

ಹಣ ಹೋದರೆ ಹೋಯಿತೆನ್ನೋಣ, ಯಕೃತ್ತಿನ ಮಾತು ಹಾಗಲ್ಲ. ಈ ಮಾತ್ರೆ ತಿಂದು ಕಾಮಾಲೆ ಹತ್ತಿದವರಿದ್ದಾರೆ, ಯಕೃತ್ತನ್ನೇ ಬದಲಾಯಿಸಬೇಕಾಗಿ ಬಂದವರೂ ಇದ್ದಾರೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಮಾತ್ರೆಯನ್ನು ಕೂಡಲೇ ನಿಲ್ಲಿಸಿ, ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗತಕ್ಕದ್ದು. ಬಸುರಿ ಬಾಣಂತಿಯರು ಇದನ್ನು ಮುಟ್ಟಬಾರದು. ಸಿಹಿಮೂತ್ರಕ್ಕೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನುಂಗಬಾರದು. ಸಾರಿಗೆ ಹಾಕುವ ಎರಡು ಎಸಳಿಗೆ ಯಾರೂ ಅಂಜಬೇಕಾಗಿಲ್ಲ. ಸತ್ವವನ್ನು ಹಿಂಡಿ ತೆಗೆದು ದಿನವೂ ನುಂಗುವುದು ಬೇರೆ ಸಂಗತಿ.

ಬೆಳೆಗಾರರಿಗೂ ಒಂದು ಮಾತು. 1990ರ ದಶಕದಲ್ಲಿ ಪರದೇಶದ ಮಾತ್ರೆಯ ಬೇಡಿಕೆಯಿಂದ ಉಪ್ಪಾಗೆಯ ಬೆಲೆ ಏರಿದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಕಾಯಿ ಬಲಿಯುವ ಮೊದಲೇ ಕಿತ್ತರು, ಕೊಂಬೆ ಕಡಿದರು, ಒಣಗಿಸಲು ಸೌದೆಯನ್ನೂ ಕಾಡಿನಿಂದಲೇ ತಂದರು. ಆ ಬೆಲೆಯನ್ನು ನಂಬಿ ತೋಟ ಮಾಡುವುದು ನಮಗೆ ಸರಿಕಾಣದು. ಅಡಿಗೆಮನೆಯ ಗಿರಾಕಿಯನ್ನು ನೆಚ್ಚಿ ನಾಲ್ಕಾರು ಮರ ಬೆಳೆಸಬಹುದು. ಬೀಜದ ಸಸಿಗಳಲ್ಲಿ ಫಲಕೊಡದ ಗಂಡು ಮರಗಳೂ ಬರುವುದರಿಂದ, ಫಲಬಿಟ್ಟ ಹೆಣ್ಣು ಮರದ ಕುಡಿಯಿಂದ ಕಟ್ಟಿದ ಕಸಿಯನ್ನೇ ಕೇಳಿ ತರತಕ್ಕದ್ದು.